ರೀಬೌಂಡ್ ಹಿಡಿಯುವವನನ್ನು ಉಳಿಸಿಕೊಳ್ಳಬೇಕೋ, ಬಿಟ್ಟುಕೊಡಬೇಕೋ?

ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ಬೆಳಗಾದರೆ ಎಲ್ಲರಿಗೂ ಕಾಫಿ ಕೊಯ್ಲಿನ ಧಾವಂತ. ನನಗೂ ನನ್ನ ಇಬ್ಬರು ಗೆಳೆಯರಿಗೂ ಅದಕ್ಕಿಂತ ಮುಂಚಿನ ಕೆಲಸವೊಂದಿರುತ್ತದೆ. ಅಮೆರಿಕದಲ್ಲಿ ರಾತ್ರಿ ನಡೆಯುವ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗಿನ ಪಂದ್ಯಗಳು ನಮಗೆ ಬೆಳಗಿನ ಜಾವ ಶುರುವಾಗುತ್ತವೆ. ಕೊಯ್ಲಿಗೆ ಜನ ಬರುವಷ್ಟರಲ್ಲಿ ಎರಡು ಕ್ವಾರ್ಟರ್ ನೋಡಿ ಮುಗಿಸುತ್ತೇವೆ. ಉಳಿದ ಚರ್ಚೆಯೆಲ್ಲ ಚೀಲ ತೂಗುವಾಗ ಫೋನಿನಲ್ಲಿ, ಇಲ್ಲವೇ ಸಂಜೆ ಕೋರ್ಟಿನಲ್ಲಿ. ಫೆಬ್ರವರಿ ಬಂತೆಂದರೆ ಅಲ್ಲಿ ಆಟಗಾರರ ಟ್ರೇಡ್‌ಗೆ, ಅಂದರೆ ತಂಡಗಳು ಆಟಗಾರರನ್ನು ಪರಸ್ಪರ ಬದಲಿಸಿಕೊಳ್ಳುವುದಕ್ಕೆ, ಕೊನೆಯ ದಿನ ಹತ್ತಿರವಾಗುತ್ತದೆ. ಆಗ ಪ್ರತಿ ವರ್ಷ ಒಂದು ಪ್ರಶ್ನೆ ಎದ್ದೇ ಏಳುತ್ತದೆ: ರಾಶಿ ರಾಶಿ ರೀಬೌಂಡ್ (ಶಾಟ್ ತಪ್ಪಿ ರಿಂಗ್‌ನಿಂದ ಚಿಮ್ಮಿದ ಚೆಂಡು) ಹಿಡಿಯುವವನು ತಂಡದಲ್ಲಿದ್ದೂ ತಂಡ ಸೋಲುತ್ತಿದೆ. ಅವನನ್ನು ಕೊಟ್ಟು ಬೇರೆಯವರನ್ನು ತಂದರೆ ಒಳ್ಳೆಯದಾದೀತೆ?

ಕೊಡಗಿನವರಿಗೆ ಈ ಪ್ರಶ್ನೆ ಕೇಳಿದರೇ ಸ್ವಲ್ಪ ಕಸಿವಿಸಿ. ನಾವು ಬೆಳೆದದ್ದು ಹಾಕಿ ನೋಡಿಕೊಂಡು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ತಂಡವೆಂದರೆ ಮನೆ ಹೆಸರು. ನಮ್ಮ ಮನೆಯ ಫುಲ್‌ಬ್ಯಾಕ್ ಮಂಕಾಗಿದ್ದಾನೆ, ಪಕ್ಕದ ಮನೆಯವರಿಂದ ಒಬ್ಬನನ್ನು ತೆಗೆದುಕೊಳ್ಳೋಣ ಎನ್ನುವ ಮಾತೇ ಅಲ್ಲಿ ಹುಟ್ಟುವುದಿಲ್ಲ. ಇದ್ದವರಲ್ಲೇ ಜಾಗ ಬದಲಿಸಿ, ಅಣ್ಣನನ್ನು ಹಿಂದಕ್ಕೆ ತಮ್ಮನನ್ನು ಮುಂದಕ್ಕೆ ಹಾಕಿ ಆಡಬೇಕು. ಹಾಗಾಗಿ ಬಾಸ್ಕೆಟ್‌ಬಾಲ್‌ನಲ್ಲಿ ಒಳ್ಳೆಯ ಆಟಗಾರನೊಬ್ಬನನ್ನು ಕೊಟ್ಟುಬಿಟ್ಟರು ಎಂದು ಕೇಳಿದರೆ ನಮಗೆ ಮೊದಲು ಬರುವುದು ಸಿಟ್ಟು. ಆದರೆ ಟ್ರೇಡ್ ಆ ಆಟದ ಲೆಕ್ಕಾಚಾರದ ಒಂದು ಭಾಗ. ಸರಿಯಾಗಿ ತೂಗಿ ಕೊಟ್ಟ ತಂಡಗಳು ಮೇಲೆ ಬಂದಿವೆ, ತೂಗದೆ ಕೊಟ್ಟವು ವರ್ಷಗಟ್ಟಲೆ ಏಳಲಾಗದೆ ಕೂತಿವೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪಂದ್ಯಕ್ಕೆ ಹದಿನೈದು ರೀಬೌಂಡ್ ಎಂಬ ಅಂಕಿಯೊಂದನ್ನೇ ನೋಡಿ ಅವನನ್ನು ಹಿಡಿದಿಟ್ಟುಕೊಳ್ಳುವುದೂ ತಪ್ಪು, ರೀಬೌಂಡ್ ಏನು ಯಾರು ಬೇಕಾದರೂ ಹಿಡಿಯುತ್ತಾರೆ ಎಂದು ಮಾರುವುದೂ ತಪ್ಪು. ಅವನು ಕೋರ್ಟಿನಲ್ಲಿ ಇಲ್ಲದಿದ್ದರೆ ಆ ಚೆಂಡು ಯಾರ ಕೈಗೆ ಹೋಗುತ್ತಿತ್ತು ಎಂದು ಕೇಳಬೇಕು. ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಮರಗಸಿ ಮಾಡಿಸುವಾಗ ನಾವು ಮರದ ದಪ್ಪ ನೋಡಿ ಕೊಂಬೆ ಕಡಿಸುವುದಿಲ್ಲ. ಆ ಕೊಂಬೆ ಹೋದರೆ ಕೆಳಗಿನ ಕಾಫಿ ಗಿಡದ ಮೇಲೆ ಎಷ್ಟು ಬಿಸಿಲು ಬೀಳುತ್ತದೆ, ಪಕ್ಕದ ಮರದ ನೆರಳು ಅಲ್ಲಿಯವರೆಗೆ ಬರುತ್ತದೆಯೇ ಎಂದು ತಲೆಯೆತ್ತಿ ನೋಡುತ್ತೇವೆ. ರೀಬೌಂಡ್ ಆಟಗಾರನ ವಿಷಯದಲ್ಲೂ ನೋಡಬೇಕಾದ್ದು ಹಾಗೆಯೇ.

ಚೆಂಡು ಯಾರದಾಗುತ್ತಿತ್ತು

ರೀಬೌಂಡ್‌ನಲ್ಲಿ ಎರಡು ಬಗೆ. ಎದುರಾಳಿಯ ಶಾಟ್ ತಪ್ಪಿದಾಗ ನಮ್ಮ ರಿಂಗ್ ಕೆಳಗೆ ಹಿಡಿಯುವುದು ಡಿಫೆನ್ಸಿವ್ ರೀಬೌಂಡ್. ನಮ್ಮವರ ಶಾಟ್ ತಪ್ಪಿದಾಗ ಎದುರಾಳಿಯ ರಿಂಗ್ ಕೆಳಗೆ ನುಗ್ಗಿ ಹಿಡಿಯುವುದು ಅಫೆನ್ಸಿವ್ ರೀಬೌಂಡ್. ಪಂದ್ಯ ಮುಗಿದ ಮೇಲೆ ಎರಡನ್ನೂ ಕೂಡಿಸಿ ಒಂದೇ ಅಂಕಿ ಹೇಳುತ್ತಾರೆ. ದಾರಿ ತಪ್ಪುವುದು ಇಲ್ಲೇ. ಎನ್‌ಬಿಎಯಲ್ಲಿ ತಪ್ಪಿದ ಶಾಟ್‌ಗಳಲ್ಲಿ ಹೆಚ್ಚುಕಡಿಮೆ ನಾಲ್ಕಕ್ಕೆ ಮೂರು ಡಿಫೆನ್ಸ್ ಮಾಡುವ ತಂಡಕ್ಕೇ ಸಿಗುತ್ತವೆ. ರಿಂಗ್‌ಗೆ ಹತ್ತಿರ ನಿಂತಿರುವವರು ಅವರೇ, ಎದುರಾಳಿಗಳಲ್ಲಿ ಅರ್ಧ ಜನ ಆಗಲೇ ಹಿಂದಕ್ಕೆ ಓಡುತ್ತಿರುತ್ತಾರೆ. ಹಾಗಾಗಿ ಒಬ್ಬ ಸೆಂಟರ್ (ರಿಂಗ್ ಕೆಳಗೆ ಆಡುವ ಎತ್ತರದವನು) ಹತ್ತು ಡಿಫೆನ್ಸಿವ್ ರೀಬೌಂಡ್ ಹಿಡಿದ ಎಂದರೆ ಅವನು ಇಲ್ಲದಿದ್ದರೆ ಹತ್ತೂ ಕೈತಪ್ಪುತ್ತಿದ್ದವು ಎಂದಲ್ಲ. ಅವುಗಳಲ್ಲಿ ಬಹುಪಾಲು ಪಕ್ಕದವನ ಕೈಗೆ ಬೀಳುತ್ತಿದ್ದವು. ಅಫೆನ್ಸಿವ್ ರೀಬೌಂಡ್ ಹಾಗಲ್ಲ. ಎದುರಾಳಿಗೆ ಸೇರಬೇಕಾಗಿದ್ದ ಚೆಂಡನ್ನು ಕಸಿದು ತಂದದ್ದು ಅದು, ತಂಡಕ್ಕೆ ಇನ್ನೊಂದು ಅವಕಾಶ.

ಪಂದ್ಯ ಗೆಲ್ಲಿಸುವ ನಾಲ್ಕು ಅಂಶಗಳಿಗೆ ಡೀನ್ ಆಲಿವರ್ ಎಂಬ ಅಮೆರಿಕದ ವಿಶ್ಲೇಷಕ ಹಾಕಿದ ತೂಕ ಹೀಗಿದೆ: ಶೂಟಿಂಗ್‌ಗೆ ಶೇ 40, ಚೆಂಡು ಕಳೆದುಕೊಳ್ಳದೆ ಆಡುವುದಕ್ಕೆ ಶೇ 25, ರೀಬೌಂಡ್‌ಗೆ ಶೇ 20, ಫೌಲ್ ಆದಾಗ ಸಿಗುವ ಫ್ರೀ ಥ್ರೋಗೆ ಶೇ 15. ರೀಬೌಂಡ್‌ನ ಆ ಇಪ್ಪತ್ತು ಕೂಡ ಇಡೀ ತಂಡದ ರೀಬೌಂಡ್‌ಗೆ ಸೇರಿದ್ದು, ಒಬ್ಬನಿಗಲ್ಲ. ಈ ವ್ಯತ್ಯಾಸ ಮರೆತು ಮಾಡಿದ ವಾದಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ.

ಎನ್‌ಬಿಎ ಆಟಗಾರ ಕೆವಿನ್ ಲವ್ ಇದಕ್ಕೆ ಒಳ್ಳೆಯ ಉದಾಹರಣೆ. 2010ರ ನವೆಂಬರ್ 12ರಂದು ನ್ಯೂಯಾರ್ಕ್ ನಿಕ್ಸ್ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ 31 ಪಾಯಿಂಟ್, 31 ರೀಬೌಂಡ್. ಆ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 15.2 ರೀಬೌಂಡ್ ಹಿಡಿದು ಇಡೀ ಲೀಗಿಗೆ ಮೊದಲಿಗನಾದ. ಅವನ ತಂಡ ಮಿನೆಸೋಟ ಗೆದ್ದದ್ದು 17 ಪಂದ್ಯ, ಸೋತದ್ದು 65. ಲವ್ ಕೆಟ್ಟ ಆಟಗಾರ ಎಂದು ನಾನು ಹೇಳುತ್ತಿಲ್ಲ. ಅವನ ಸುತ್ತ ಶಾಟ್ ಹಾಕುವವರು, ಎದುರಾಳಿಯನ್ನು ತಡೆಯುವವರು ಇರಲಿಲ್ಲ. ಒಬ್ಬನ ರೀಬೌಂಡ್‌ನಿಂದ ಆ ಕೊರತೆ ತುಂಬುವುದಿಲ್ಲ.

ನನಗೆ ಇದು ಕಣ್ಣಿಗೆ ಕಟ್ಟಿದಂತೆ ತಿಳಿದದ್ದು ನಮ್ಮದೇ ಸಿಮೆಂಟ್ ಕೋರ್ಟಿನಲ್ಲಿ. ನಾನು ನೋಡಿಕೊಳ್ಳುವ ತಂಡದಲ್ಲಿ ಎತ್ತರದ ಹುಡುಗನೊಬ್ಬನಿದ್ದಾನೆ. ರಿಂಗ್‌ನಿಂದ ಚಿಮ್ಮಿದ ಚೆಂಡೆಲ್ಲ ಅವನದೇ ಎಂದು ಊರೆಲ್ಲ ಮಾತು. ಕಳೆದ ಜನವರಿಯ ಒಂದು ಪಂದ್ಯದಲ್ಲಿ ಸ್ಕೋರ್‌ಶೀಟ್ ಬೇರೆಯವರಿಗೆ ಕೊಟ್ಟು ನಾನು ನೋಟ್‌ಬುಕ್ ಹಿಡಿದು ರಿಂಗ್ ಹಿಂದೆ ಕೂತೆ. ಅವನು ಚೆಂಡು ಹಿಡಿದಾಗಲೆಲ್ಲ ಸುತ್ತ ಮೂರು ಅಡಿಯಲ್ಲಿ ಎದುರಾಳಿ ಇದ್ದನೇ ಇಲ್ಲವೇ ಎಂದು ಗೀಟು ಹಾಕಿದೆ. ಹದಿನಾಲ್ಕು ರೀಬೌಂಡ್‌ನಲ್ಲಿ ಒಂಬತ್ತಕ್ಕೆ ಹತ್ತಿರ ಯಾರೂ ಇರಲಿಲ್ಲ. ಯಾಕಿರಲಿಲ್ಲ ಎಂದು ನೋಡಿದರೆ, ಅವನ ಬಲಗಡೆ ಅಡ್ಡ ಮೈಯ ಇನ್ನೊಬ್ಬ ಹುಡುಗ. ಶಾಟ್ ಕೈಬಿಟ್ಟ ಕ್ಷಣ ಎಲ್ಲರ ಮುಖ ಮೇಲೆ, ಚೆಂಡಿನ ಕಡೆ. ಇವನೊಬ್ಬ ಮಾತ್ರ ಚೆಂಡಿಗೆ ಬೆನ್ನು ಹಾಕಿ ಎದುರಾಳಿ ಎಲ್ಲಿದ್ದಾನೆ ಎಂದು ಹುಡುಕುತ್ತಿದ್ದ. ಹುಡುಕಿ, ತಿರುಗಿ, ಮಂಡಿ ಬಗ್ಗಿಸಿ, ಸೊಂಟದಿಂದ ಅವನನ್ನು ಒತ್ತಿ ಹಿಡಿದು ಹಿಂದಕ್ಕೆ ಸರಿಸುತ್ತಿದ್ದ. ಎರಡು ಮೊಣಕೈಯೂ ಕೋಳಿ ರೆಕ್ಕೆಯಂತೆ ಅಗಲ. ಚೆಂಡು ಬಂದಾಗ ಅವನ ಪಾದ ನೆಲ ಬಿಟ್ಟಿರಲೇ ಇಲ್ಲ. ಎತ್ತರದವನು ಆರಾಮಾಗಿ ಕೈ ಚಾಚಿ ಹಿಡಿದ.

ಪಂದ್ಯ ಮುಗಿದ ಮೇಲೆ ಆ ಅಡ್ಡ ಮೈಯವನು ಸ್ಕೋರ್‌ಶೀಟ್ ನೋಡಿ ಬಂದ. ‘ಸರ್, ನನ್ನ ಹೆಸರಿನ ಮುಂದೆ ರೀಬೌಂಡ್ ಎರಡೇ ಇರೋದು’ ಎಂದ, ತಪ್ಪು ಮಾಡಿದವನ ಹಾಗೆ.

‘ನೀನು ಹಿಡೀಲಿಲ್ಲ ಮಗಾ, ನೀನು ಹಿಡಿಸಿದೆ’ ಎಂದು ನೋಟ್‌ಬುಕ್ ತೋರಿಸಿದೆ.

ಎನ್‌ಬಿಎಯ ಒಕ್ಲಹೋಮಾ ಸಿಟಿ ತಂಡದಲ್ಲಿ ಸ್ಟೀವನ್ ಆಡಮ್ಸ್ ಎಂಬ ಸೆಂಟರ್ ಮಾಡುತ್ತಿದ್ದದ್ದೂ ಇದೇ ಕೆಲಸ. 2016–17ರಲ್ಲಿ ಅದೇ ತಂಡದ ರಸೆಲ್ ವೆಸ್ಟ್‌ಬ್ರೂಕ್ ಗಾರ್ಡ್ (ರಿಂಗ್‌ನಿಂದ ದೂರ ನಿಂತು ಚೆಂಡು ನಡೆಸುವವನು) ಆಗಿದ್ದೂ ಪಂದ್ಯಕ್ಕೆ 10.7 ರೀಬೌಂಡ್ ಹಿಡಿದ. ಆಡಮ್ಸ್ ದೊಡ್ಡವರನ್ನೆಲ್ಲ ಬಾಕ್ಸ್ ಔಟ್ ಮಾಡಿ ಹಿಂದಕ್ಕೆ ತಳ್ಳಿ ನಿಂತಿರುತ್ತಿದ್ದ, ವೆಸ್ಟ್‌ಬ್ರೂಕ್ ಚೆಂಡು ಹಿಡಿದವನೇ ಸೀದಾ ಓಟ ಕೀಳುತ್ತಿದ್ದ. ಆದ್ದರಿಂದ ನಿಮ್ಮ ರೀಬೌಂಡ್ ಸ್ಟಾರ್‌ನನ್ನು ಕೊಡುವ ಮಾತು ಬಂದರೆ ಮೊದಲ ಕೆಲಸ ಇದು: ಅವನು ಹಿಡಿಯುವವನೋ ಅಥವಾ ಬೇರೆಯವರು ಹಿಡಿಸುತ್ತಿದ್ದಾರೋ, ನೋಡಿ. ಅವನು ಬೆಂಚಿನಲ್ಲಿ ಕೂತ ಹೊತ್ತಿನಲ್ಲಿ ಇಡೀ ತಂಡದ ರೀಬೌಂಡ್ ಎಷ್ಟು ಇಳಿಯುತ್ತದೆ, ಬರೆದಿಡಿ. ಇಳಿಯದಿದ್ದರೆ ಅವನನ್ನು ಕೊಡುವ ಬಗ್ಗೆ ಮಾತಾಡಬಹುದು.

ಉಳಿಸಿಕೊಳ್ಳುವುದು ಯಾವಾಗ ಸರಿ

ಅಂಕ ಗಳಿಸುವವರು ಆಗಲೇ ಇದ್ದು, ಚೆಂಡು ಮಾತ್ರ ಸಾಲುತ್ತಿಲ್ಲ ಎಂದಾದರೆ ಉಳಿಸಿಕೊಳ್ಳಿ. ಇಲ್ಲದಿದ್ದರೆ ಎಲ್ಲಿಂದಾದರೂ ತನ್ನಿ. ಇದಕ್ಕೆ ಡೆನಿಸ್ ರಾಡ್‌ಮನ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1991–92ರಿಂದ 1997–98ರವರೆಗೆ ಸತತ ಏಳು ಸೀಸನ್ ಲೀಗಿನ ರೀಬೌಂಡ್ ಪಟ್ಟಿಯಲ್ಲಿ ಮೊದಲಿಗ. 1994–95ರಲ್ಲಿ ಸ್ಯಾನ್ ಆಂಟೋನಿಯೊ ತಂಡ ಅವನನ್ನು ಇಟ್ಟುಕೊಂಡು 62 ಪಂದ್ಯ ಗೆದ್ದಿತ್ತು. ಆದರೆ ಅವನ ನಡವಳಿಕೆ ತಂಡಕ್ಕೆ ತಲೆನೋವಾಗಿತ್ತು. 1995ರ ಅಕ್ಟೋಬರ್‌ನಲ್ಲಿ ವಿಲ್ ಪರ್ಡ್ಯೂ ಎಂಬ ಸಾಧಾರಣ ಸೆಂಟರ್ ಒಬ್ಬನಿಗಾಗಿ ರಾಡ್‌ಮನ್‌ನನ್ನು ಶಿಕಾಗೊ ಬುಲ್ಸ್‌ಗೆ ಕೊಟ್ಟರು. ಆಗ ಅವನಿಗೆ 34 ವರ್ಷ.

ಬುಲ್ಸ್‌ನ ಸ್ಥಿತಿ ನೋಡಿ. 1994ರಲ್ಲಿ ಅವರ ರೀಬೌಂಡ್ ಆಟಗಾರ ಹೊರೇಸ್ ಗ್ರಾಂಟ್ ತಂಡ ಬಿಟ್ಟು ಒರ್ಲ್ಯಾಂಡೊ ಸೇರಿದ್ದ. ಮರುವರ್ಷ ಪ್ಲೇಆಫ್‌ನಲ್ಲಿ (ಪಟ್ಟಕ್ಕಾಗಿ ನಡೆಯುವ ಕೊನೆಯ ಸುತ್ತುಗಳಲ್ಲಿ) ಅದೇ ಒರ್ಲ್ಯಾಂಡೊ ಬುಲ್ಸ್‌ನನ್ನು ಮನೆಗೆ ಕಳಿಸಿತು. ಅಂಕ ಗಳಿಸಲು ಮೈಕಲ್ ಜೋರ್ಡನ್ ನಿವೃತ್ತಿಯಿಂದ ವಾಪಸ್ ಬಂದಿದ್ದ, ಪಿಪ್ಪೆನ್ ಇದ್ದ, ಕುಕೋಚ್ ಇದ್ದ. ರಿಂಗ್ ಕೆಳಗೆ ನಿಲ್ಲುವವನು ಇರಲಿಲ್ಲ. ರಾಡ್‌ಮನ್ ಬಂದ ಮೊದಲ ಸೀಸನ್ ಸರಾಸರಿ 5.5 ಪಾಯಿಂಟ್, 14.9 ರೀಬೌಂಡ್. ಬೇರೆ ತಂಡದಲ್ಲಿ 5.5 ಪಾಯಿಂಟ್ ಕೊರತೆಯಾಗುತ್ತಿತ್ತು. ಇಲ್ಲಿ ಅದೇ ಅನುಕೂಲವಾಯಿತು, ಏಕೆಂದರೆ ಅವನು ಯಾರ ಶಾಟನ್ನೂ ಕಿತ್ತುಕೊಳ್ಳಲಿಲ್ಲ. ಬುಲ್ಸ್ 72 ಗೆದ್ದು 10 ಸೋತಿತು. ಸಿಯಾಟಲ್ ವಿರುದ್ಧದ 1996ರ ಫೈನಲ್ಸ್‌ನಲ್ಲಿ ಎರಡನೇ ಪಂದ್ಯದಲ್ಲೊಮ್ಮೆ, ಆರನೇ ಪಂದ್ಯದಲ್ಲೊಮ್ಮೆ ತಲಾ 11 ಅಫೆನ್ಸಿವ್ ರೀಬೌಂಡ್ ಹಿಡಿದ. ಜೋರ್ಡನ್ ಎಸೆದದ್ದು ತಪ್ಪಿದರೂ ಚೆಂಡು ಮತ್ತೆ ಬುಲ್ಸ್‌ನ ಕೈಗೇ. ಆ ತಂಡ ಸತತ ಮೂರು ಪಟ್ಟ ಗೆದ್ದಿತು.

ಮೋಸೆಸ್ ಮಲೋನ್‌ನದ್ದು ಇದಕ್ಕಿಂತ ಹಳೆಯ ಕತೆ, ಆದರೆ ಎರಡು ಬದಿಯನ್ನೂ ತೋರಿಸುವುದರಿಂದ ನನಗೆ ಹೆಚ್ಚು ಇಷ್ಟ. 1982ರಲ್ಲಿ ಅವನು ಲೀಗಿನ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ. ಅದೇ ವರ್ಷ ಹ್ಯೂಸ್ಟನ್ ಅವನನ್ನು ಕಾಲ್ಡ್‌ವೆಲ್ ಜೋನ್ಸ್ ಮತ್ತು ಒಂದು ಮೊದಲ ಸುತ್ತಿನ ಡ್ರಾಫ್ಟ್ ಪಿಕ್‌ಗೆ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿಗೆ) ಫಿಲಡೆಲ್ಫಿಯಾಕ್ಕೆ ಕೊಟ್ಟಿತು. ಫಿಲಡೆಲ್ಫಿಯಾದಲ್ಲಿ ಜೂಲಿಯಸ್ ಎರ್ವಿಂಗ್ ಆಗಲೇ ಇದ್ದ. ಲೇಕರ್ಸ್ ಎದುರು 1980ರಲ್ಲಿ ಮತ್ತು 1982ರಲ್ಲಿ ಫೈನಲ್ಸ್ ಸೋತಿದ್ದ ತಂಡ, ಮಲೋನ್ ಬಂದ 1983ರಲ್ಲಿ ಅದೇ ಲೇಕರ್ಸ್‌ನನ್ನು 4–0ಯಿಂದ ಸೋಲಿಸಿತು. ಹ್ಯೂಸ್ಟನ್ 46 ಗೆಲುವಿನಿಂದ 14ಕ್ಕೆ ಕುಸಿಯಿತು.

ಇನ್ನು ಅದೇ ಫಿಲಡೆಲ್ಫಿಯಾ 1986ರಲ್ಲಿ ಮಾಡಿದ್ದನ್ನು ನೋಡಿ. ಮಲೋನ್‌ಗೆ ವಯಸ್ಸಾಯಿತು ಎಂದು ಅವನನ್ನು ವಾಷಿಂಗ್ಟನ್‌ಗೆ ಕೊಟ್ಟು ಜೆಫ್ ರುಲಾಂಡ್, ಕ್ಲಿಫ್ ರಾಬಿನ್ಸನ್ ಇಬ್ಬರನ್ನು ತಂದರು. ಅದೇ ದಿನ ಡ್ರಾಫ್ಟ್‌ನ ಮೊದಲ ಪಿಕ್ ಅನ್ನೂ ಬೇರೆ ತಂಡಕ್ಕೆ ಬಿಟ್ಟುಕೊಟ್ಟರು. ಈಗ ರೀಬೌಂಡ್ ಏನಾಯಿತು? ಏನೂ ಆಗಲಿಲ್ಲ. ಚಾರ್ಲ್ಸ್ ಬಾರ್ಕ್ಲಿ ಮರು ಸೀಸನ್ ಪಂದ್ಯಕ್ಕೆ 14.6 ಹಿಡಿದು ಇಡೀ ಲೀಗಿಗೇ ಮೊದಲಿಗನಾದ. ಮಲೋನ್ ಜಾಗ ಖಾಲಿಯಾಗಲೇ ಇಲ್ಲ, ಚೆಂಡು ಮತ್ತೊಬ್ಬನ ಕೈಗೆ ಹೋಯಿತು ಅಷ್ಟೆ. ಅಷ್ಟರಮಟ್ಟಿಗೆ ಅವರ ಲೆಕ್ಕ ಸರಿಯಿತ್ತು. ತಪ್ಪಿದ್ದು ಬದಲಿಗೆ ಬಂದದ್ದರಲ್ಲಿ. ರುಲಾಂಡ್ ಗಾಯದಿಂದ ಆ ಸೀಸನ್ ಆಡಿದ್ದು ಐದೇ ಪಂದ್ಯ. ತಂಡ 54 ಗೆಲುವಿನಿಂದ 45ಕ್ಕೆ ಇಳಿಯಿತು. ಟ್ರೇಡ್ ಬಗ್ಗೆ ಮಾತಾಡುವವರು ಹೋಗುವವನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಬರುವವನ ಮಂಡಿ ಹೇಗಿದೆ ಎಂದು ಕೇಳುವುದಿಲ್ಲ. ನಮ್ಮ ಕಡೆಯೂ ಹಾಗೆಯೇ.

ಚೆಂಡು ನಡೆಸುವವನಿಗಾಗಿ ಕೊಟ್ಟರೆ

ಟ್ರೇಡ್‌ಗಳಲ್ಲಿ ನನಗೆ ಅತಿ ಚೊಕ್ಕ ಎನಿಸುವುದು 2022ರ ಫೆಬ್ರವರಿಯದ್ದು. ಇಂಡಿಯಾನಾ ತಂಡ ಡೊಮಾಂಟಸ್ ಸಬೋನಿಸ್‌ನನ್ನು ಸ್ಯಾಕ್ರಮೆಂಟೊಗೆ ಕೊಟ್ಟು ಟೈರೀಸ್ ಹ್ಯಾಲಿಬರ್ಟನ್‌ನನ್ನು ತಂದಿತು. ಜೊತೆಗೆ ಬಡ್ಡಿ ಹೀಲ್ಡ್ ಎಂಬ ಶೂಟರ್ ಕೂಡ ಬಂದ. ಆಗ ಬೈದವರು ಬಹಳ, ಅದೂ ಎರಡೂ ಕಡೆ.

ಇಂಡಿಯಾನಾ ಯಾಕೆ ಕೊಟ್ಟಿತು? ಸಬೋನಿಸ್ ಜೊತೆಗೆ ಮೈಲ್ಸ್ ಟರ್ನರ್ ಕೂಡ ಅಲ್ಲಿದ್ದ. ಇಬ್ಬರು ದೊಡ್ಡವರು, ರಿಂಗ್ ಕೆಳಗೆ ಒಂದೇ ಜಾಗ. ಒಬ್ಬನು ಹೋದರೆ ಇನ್ನೊಬ್ಬನಿಗೆ ಉಸಿರಾಡಲು ಜಾಗ. ಚೆಂಡು ನಡೆಸಿ ನಾಲ್ಕು ಜನರನ್ನು ಆಡಿಸುವ ಪಾಯಿಂಟ್ ಗಾರ್ಡ್ ಅವರಲ್ಲಿರಲಿಲ್ಲ. ಹ್ಯಾಲಿಬರ್ಟನ್ ಬಂದ. 2023–24ರಲ್ಲಿ ಪಂದ್ಯಕ್ಕೆ 10.9 ಅಸಿಸ್ಟ್ (ಜೊತೆಗಾರ ಅಂಕ ಗಳಿಸಲು ನೆರವಾಗುವ ಪಾಸ್) ಕೊಟ್ಟು ಲೀಗಿಗೆ ಮೊದಲಿಗನಾದ. 25 ಪಂದ್ಯ ಗೆದ್ದಿದ್ದ ತಂಡ ಮೂರು ವರ್ಷದಲ್ಲಿ 50ಕ್ಕೆ ಏರಿತು. 2025ರಲ್ಲಿ ಫೈನಲ್ಸ್ ತಲುಪಿ ಒಕ್ಲಹೋಮಾ ಸಿಟಿ ವಿರುದ್ಧ ಏಳನೇ ಪಂದ್ಯದವರೆಗೆ ಹೋರಾಡಿತು. ರೀಬೌಂಡ್‌ಗೆ ಹೆಸರಾದ ತಂಡವೇನೂ ಅಲ್ಲ ಅದು. ವೇಗದ ಓಟ, ಹತ್ತು ಜನ ಹಂಚಿಕೊಂಡು ಆಡುವ ಆಟ, ಚೆಂಡು ಕಳೆದುಕೊಳ್ಳದ ಗಾರ್ಡ್. ಇವೇ ಅದರ ಬಲ.

ಹಾಗೆಂದು ಸ್ಯಾಕ್ರಮೆಂಟೊ ಮೋಸ ಹೋಯಿತೆ? ಇಲ್ಲ. ಅವರಲ್ಲಿ ಡಿ’ಆರನ್ ಫಾಕ್ಸ್ ಎಂಬ ಗಾರ್ಡ್ ಆಗಲೇ ಇದ್ದ. ಇಬ್ಬರು ಗಾರ್ಡ್‌ಗಳಿಗೆ ಒಂದೇ ಚೆಂಡು ಸಾಲುತ್ತಿರಲಿಲ್ಲ. ಸಬೋನಿಸ್ 2022–23ರಲ್ಲಿ 12.3 ರೀಬೌಂಡ್ ಸರಾಸರಿಯೊಂದಿಗೆ ಲೀಗಿಗೇ ಮೊದಲು, ಮುಂದಿನ ಎರಡು ಸೀಸನ್‌ಗಳಲ್ಲೂ ಅವನೇ ಮೊದಲು. ರೀಬೌಂಡ್‌ಗಿಂತ ಹೆಚ್ಚಾಗಿ, ಫ್ರೀ ಥ್ರೋ ಗೆರೆಯ ಹತ್ತಿರ ಚೆಂಡು ಹಿಡಿದು ನಿಂತು ಪಾಸ್ ಹಂಚುವ ಸೆಂಟರ್ ಅವರಿಗೆ ಸಿಕ್ಕ. 16 ಸೀಸನ್ ಪ್ಲೇಆಫ್ ಮುಖ ನೋಡದ ತಂಡ 2023ರಲ್ಲಿ 48 ಗೆದ್ದು ಒಳಬಂತು.

ಒಂದೇ ಟ್ರೇಡ್, ಎರಡು ತಂಡಕ್ಕೂ ಲಾಭ. ಕಾರಣ ಇಷ್ಟೇ: ಇಬ್ಬರೂ ತಮ್ಮಲ್ಲಿ ಎರಡೆರಡು ಇದ್ದದ್ದರಲ್ಲಿ ಒಂದನ್ನು ಕೊಟ್ಟು, ಇಲ್ಲದ್ದನ್ನು ತೆಗೆದುಕೊಂಡರು. ಕಾಳುಮೆಣಸು ಹೆಚ್ಚಿದ್ದವನು ಭತ್ತ ಹೆಚ್ಚಿದ್ದವನ ಜೊತೆ ಬದಲಿಸಿಕೊಂಡ ಹಾಗೆ. ನಿಮ್ಮ ತಂಡದಲ್ಲಿ ಇರುವುದೇ ಒಬ್ಬ ದೊಡ್ಡವನು ಎಂದಾದರೆ ಈ ಉದಾಹರಣೆ ನಿಮಗೆ ಅನ್ವಯಿಸುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂಡಿಯಾನಾ ಉದಾಹರಣೆ ಕೊಟ್ಟು ತಮ್ಮ ಒಬ್ಬನೇ ಸೆಂಟರ್‌ನನ್ನು ಬಿಟ್ಟುಕೊಡಲು ಹೊರಟವರನ್ನು ಕಂಡಿದ್ದೇನೆ.

ನಾಳೆಗಾಗಿ ಕೊಟ್ಟರೆ, ತಡಮಾಡಿದರೆ

ಮೂರನೇ ದಾರಿ, ಇಂದಿನ ಸ್ಟಾರ್‌ನನ್ನು ಕೊಟ್ಟು ಡ್ರಾಫ್ಟ್ ಪಿಕ್, ಎಳೆಯ ಹುಡುಗರನ್ನು ತರುವುದು. 2022ರ ಜುಲೈನಲ್ಲಿ ಯೂಟಾ ಮಾಡಿದ್ದು ಇದನ್ನೇ. ಹಿಂದಿನ ಸೀಸನ್‌ನಲ್ಲಿ 14.7 ರೀಬೌಂಡ್ ಸರಾಸರಿಯೊಂದಿಗೆ ಮೊದಲಿಗನಾಗಿದ್ದ ರೂಡಿ ಗೊಬೇರ್‌ನನ್ನು ಮಿನೆಸೋಟಗೆ ಕೊಟ್ಟು ಐವರು ಆಟಗಾರರನ್ನೂ ನಾಲ್ಕು ಮೊದಲ ಸುತ್ತಿನ ಪಿಕ್‌ಗಳನ್ನೂ ಪಡೆಯಿತು. ಮಿನೆಸೋಟ ಮೊದಲ ವರ್ಷ ತಡವರಿಸಿತು, ಆಮೇಲೆ 2024ರಲ್ಲಿ 56 ಪಂದ್ಯ ಗೆದ್ದು ಲೀಗಿನ ಪಶ್ಚಿಮ ವಿಭಾಗದ ಫೈನಲ್ಸ್ ತಲುಪಿತು, 2025ರಲ್ಲೂ ತಲುಪಿತು. ಯೂಟಾ 2024–25ರಲ್ಲಿ ಗೆದ್ದದ್ದು 17. ಪಿಕ್‌ಗಳು ಫಲ ಕೊಡಲು ಕಾಯಬೇಕು. ಮಲೋನ್‌ನನ್ನು ಕೊಟ್ಟಿದ್ದ ಹ್ಯೂಸ್ಟನ್ ಡ್ರಾಫ್ಟ್‌ನಲ್ಲಿ 1983ರಲ್ಲಿ ರಾಲ್ಫ್ ಸ್ಯಾಂಪ್ಸನ್, 1984ರಲ್ಲಿ ಒಲಾಜುವಾನ್ ಸಿಕ್ಕ ಮೇಲೆ 1986ರಲ್ಲಿ ಫೈನಲ್ಸ್‌ಗೆ ಬಂದದ್ದೂ ನಿಜ. ಕಾಯುವ ತಾಳ್ಮೆ, ಸೋಲು ತಡೆದುಕೊಳ್ಳುವ ಪ್ರೇಕ್ಷಕರು ಇದ್ದರೆ ಮಾತ್ರ ಈ ದಾರಿ.

ಕೊಡುವುದೇ ಆದರೆ ಬೆಲೆ ಇರುವಾಗ ಕೊಡಬೇಕು. ಆಂಡ್ರೆ ಡ್ರಮಂಡ್ ನಾಲ್ಕು ಸೀಸನ್ ರೀಬೌಂಡ್‌ನಲ್ಲಿ ಲೀಗಿಗೆ ಮೊದಲಿಗ. ಅವನನ್ನು ನೆಚ್ಚಿಕೊಂಡ ಡೆಟ್ರಾಯಿಟ್ ಆ ಅವಧಿಯಲ್ಲಿ ಎರಡು ಸಲ ಪ್ಲೇಆಫ್‌ಗೆ ಹೋಗಿ, ಎರಡು ಸಲವೂ ಒಂದು ಪಂದ್ಯವನ್ನೂ ಗೆಲ್ಲದೆ ಹೊರಬಂತು. ಫ್ರೀ ಥ್ರೋ ಹಾಕಲು ಬರುವುದಿಲ್ಲ ಎಂದು ಗೊತ್ತಿದ್ದ ಎದುರಾಳಿಗಳು ಬೇಕೆಂದೇ ಅವನಿಗೆ ಫೌಲ್ ಮಾಡುತ್ತಿದ್ದರು. 2016ರ ಜನವರಿಯ ಒಂದು ಪಂದ್ಯದಲ್ಲಿ 36 ಫ್ರೀ ಥ್ರೋಗಳಲ್ಲಿ 23 ತಪ್ಪಿಸಿದ. ಕೊನೆಗೆ 2020ರ ಫೆಬ್ರವರಿಯಲ್ಲಿ ಡೆಟ್ರಾಯಿಟ್ ಅವನನ್ನು ಕೊಟ್ಟಾಗ ಬದಲಿಗೆ ಬಂದದ್ದು ಬ್ರ್ಯಾಂಡನ್ ನೈಟ್, ಜಾನ್ ಹೆನ್ಸನ್ ಮತ್ತು ಒಂದು ಎರಡನೇ ಸುತ್ತಿನ ಪಿಕ್. ಆಗಲೂ ಅವನು ಪಂದ್ಯಕ್ಕೆ 15ಕ್ಕಿಂತ ಹೆಚ್ಚು ರೀಬೌಂಡ್ ಹಿಡಿಯುತ್ತಿದ್ದ. ಅಂಕಿ ಇಳಿದಿರಲಿಲ್ಲ, ಅಂಕಿಗಿದ್ದ ಬೆಲೆ ಇಳಿದಿತ್ತು. ಮೂರು ಪಾಯಿಂಟ್ ಶಾಟ್‌ಗಳು ಹೆಚ್ಚಾದ ಆಟದಲ್ಲಿ ಹೊರಗೆ ಹೋಗಿ ತಡೆಯಲಾರದ, ಶಾಟ್ ಹಾಕಲಾರದ ಸೆಂಟರ್‌ಗೆ ದುಬಾರಿ ಸಂಬಳ ಕೊಡಲು ಯಾರೂ ತಯಾರಿರಲಿಲ್ಲ.

ನಮ್ಮ ಕೋರ್ಟಿನಲ್ಲಿ ಲೆಕ್ಕ ಬೇರೆ

ಇಲ್ಲಿಯವರೆಗೆ ಹೇಳಿದ್ದನ್ನು ಓದಿ ಯಾರಾದರೂ ತಮ್ಮ ಕಾಲೇಜು ತಂಡದ ಎತ್ತರದ ಹುಡುಗನನ್ನು ಬಿಟ್ಟುಕೊಡಲು ಹೊರಟರೆ, ದಯವಿಟ್ಟು ತಡೆಯಿರಿ. ಈ ತಪ್ಪನ್ನು ನಾನೇ ಮಾಡಿದ್ದೇನೆ.

ಮೂರು ವರ್ಷದ ಹಿಂದೆ, ಹೊರಗಿನಿಂದ ಆಟಗಾರರನ್ನು ಸೇರಿಸಿಕೊಳ್ಳಲು ಅವಕಾಶವಿದ್ದ ಒಂದು ಟೂರ್ನಿಗೆ ಮುಂಚೆ, ಪಕ್ಕದ ತಾಲೂಕಿನ ತಂಡದವರ ಜೊತೆ ಮಾತಾಡಿ ನಮ್ಮ ರೀಬೌಂಡ್ ಹುಡುಗನನ್ನು ಅವರಿಗೆ ಕೊಟ್ಟು ಅವರ ಶೂಟರ್‌ನನ್ನು ತಂದೆ. ಎನ್‌ಬಿಎ ಲೆಕ್ಕವೆಲ್ಲ ತಲೆಯಲ್ಲಿತ್ತು: ಶೂಟಿಂಗ್ ನಲವತ್ತು, ರೀಬೌಂಡ್ ಇಪ್ಪತ್ತು. ಶೂಟರ್ ಒಳ್ಳೆಯವನೇ. ಮೊದಲ ಎರಡು ಪಂದ್ಯ ಸುಲಭವಾಗಿ ಗೆದ್ದೆವು. ಸೆಮಿಫೈನಲ್ ಸಂಜೆ ಇಬ್ಬನಿ ಬೇಗ ಇಳಿಯಿತು. ಚೆಂಡು ಒದ್ದೆ, ನೆಲ ಜಾರು, ದೂರದ ಶಾಟ್ ಒಂದೂ ಬೀಳುತ್ತಿಲ್ಲ. ಅವರದ್ದೂ ಬೀಳುತ್ತಿರಲಿಲ್ಲ. ಆದರೆ ಅವರು ತಪ್ಪಿದ ಚೆಂಡನ್ನು ಹಿಡಿದು ಮತ್ತೆ ಎಸೆದರು, ಮತ್ತೆ ತಪ್ಪಿತು, ಮತ್ತೆ ಹಿಡಿದರು. ಒಂದೇ ಸರದಿಯಲ್ಲಿ ನಾಲ್ಕು ಸಲ ಎಸೆದು ಕೊನೆಗೆ ರಿಂಗ್ ಒಳಗೆ ತಳ್ಳಿದ್ದನ್ನು ನಾನು ಗೆರೆಯ ಹೊರಗೆ ನಿಂತು ನೋಡಿದೆ. ನಮ್ಮ ಹುಡುಗರು ಮೂವರು ಚೆಂಡನ್ನೇ ನೋಡುತ್ತ ನಿಂತಿದ್ದರು. ಏಳು ಪಾಯಿಂಟ್‌ನಿಂದ ಸೋತೆವು.

ಆಮೇಲೆ ಯೋಚಿಸಿದಾಗ ಅರ್ಥವಾದದ್ದು ಇದು. ಎನ್‌ಬಿಎಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಶಾಟ್‌ಗಳು ಬೀಳುತ್ತವೆ. ನಮ್ಮಲ್ಲಿ ಹತ್ತರಲ್ಲಿ ಮೂರು ಬಿದ್ದರೆ ಒಳ್ಳೆಯ ದಿನ. ತಪ್ಪುವ ಶಾಟ್ ಹೆಚ್ಚಿದ್ದಷ್ಟೂ ಹಿಡಿಯಬೇಕಾದ ಚೆಂಡು ಹೆಚ್ಚು. ಅಲ್ಲಿ ಐದೂ ಜನ ಬಾಕ್ಸ್ ಔಟ್ ಮಾಡಲು ಕಲಿತವರು, ಹಾಗಾಗಿ ಒಬ್ಬನಿಲ್ಲದಿದ್ದರೆ ಇನ್ನೊಬ್ಬ ಹಿಡಿಯುತ್ತಾನೆ. ನಮ್ಮಲ್ಲಿ ಅದನ್ನು ಕಲಿತವರು ತಂಡಕ್ಕೆ ಒಬ್ಬರೋ ಇಬ್ಬರೋ. ‘ಅವನು ಇಲ್ಲದಿದ್ದರೆ ಚೆಂಡು ಯಾರಿಗೆ ಹೋಗುತ್ತಿತ್ತು’ ಎಂಬ ಅದೇ ಪ್ರಶ್ನೆಗೆ ಅಲ್ಲಿನ ಉತ್ತರ ‘ಪಕ್ಕದವನಿಗೆ’. ಇಲ್ಲಿನ ಉತ್ತರ ‘ಎದುರಾಳಿಗೆ’.

ಇನ್ನೊಂದು ಮಾತೂ ಇದೆ. ಶೂಟಿಂಗ್ ಕೈಗೆ ಕೂರಲು ದಿನವೂ ನೂರಾರು ಸಲ ಎಸೆಯಬೇಕು, ಒಣಗಿದ ಕೋರ್ಟ್ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ತೆರೆದ ಕೋರ್ಟ್‌ಗಳ ಮೇಲೆ ಪಾಚಿ ಕಟ್ಟುತ್ತದೆ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೂ ನವೆಂಬರ್‌ವರೆಗೆ ಜಾರುತ್ತದೆ. ಬಾಕ್ಸ್ ಔಟ್ ಕಲಿಸಲು ಚೆಂಡೂ ಬೇಡ, ರಿಂಗೂ ಬೇಡ. ಶಾಲೆಯ ಜಗುಲಿ ಸಾಕು. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಸೀಟಿ ಊದಿದಾಗ ತಿರುಗಿ ಒತ್ತಿ ಹಿಡಿ ಎಂದರೆ ಆಯಿತು. ಮಳೆಗಾಲದ ನಾಲ್ಕು ತಿಂಗಳು ನಾವು ಈಗ ಅದನ್ನೇ ಮಾಡುತ್ತೇವೆ. ಹೀಗಾಗಿ ನಮ್ಮಂಥ ತಂಡಗಳಿಗೆ ನನ್ನ ಸಲಹೆ ನಾಲ್ಕನೆಯ ದಾರಿ: ಕೊಡಬೇಡಿ, ಅವನ ಕೆಲಸ ಬದಲಿಸಿ. ಡಿಫೆನ್ಸ್‌ನಲ್ಲಿ ಹಿಡಿಯುವುದನ್ನು ಉಳಿದವರಿಗೆ ಕಲಿಸಿ, ಅವನನ್ನು ಎದುರಾಳಿಯ ರಿಂಗ್ ಕಡೆ ಹೆಚ್ಚು ಕಳಿಸಿ. ಚೆಂಡು ಹಿಡಿದ ಮೇಲೆ ತಲೆಯೆತ್ತಿ ಮೊದಲ ಪಾಸ್ ದೂರಕ್ಕೆ ಕೊಡುವುದನ್ನು ಕಲಿಸಿ, ಅರ್ಧ ಗಾರ್ಡ್ ಸಿಕ್ಕಂತೆ.

ಕೊಡಬಹುದಾದ ಸಂದರ್ಭವೂ ಒಂದಿದೆ. ಎತ್ತರದವರು ಇಬ್ಬರಿದ್ದು, ಎದುರಾಳಿ ಒತ್ತಡ ಹಾಕಿದಾಗ ಚೆಂಡನ್ನು ಅರ್ಧ ಕೋರ್ಟ್ ದಾಟಿಸಲು ಯಾರೂ ಇಲ್ಲದಿದ್ದರೆ, ಆಗ ಒಬ್ಬನನ್ನು ಕೊಟ್ಟು ಗಾರ್ಡ್ ತನ್ನಿ. ಅದಕ್ಕೂ ಮುಂಚೆ ಹುಡುಗನನ್ನೇ ಕೇಳಿ. ಎನ್‌ಬಿಎಯಲ್ಲಿ ಫೋನ್ ಬಂದರೆ ಪೆಟ್ಟಿಗೆ ಕಟ್ಟಿ ಹೊರಡುತ್ತಾರೆ, ಅದಕ್ಕೆ ಸಂಬಳವಿದೆ. ಇಲ್ಲಿ ಹುಡುಗರು ಆಡುವುದು ಗೆಳೆಯರ ಜೊತೆ ಆಡಬೇಕೆಂದು. ಅಂದು ನಾನು ಕೇಳಿರಲಿಲ್ಲ. ಟೂರ್ನಿ ಮುಗಿದು ಅವನು ವಾಪಸ್ ಬಂದಾಗ ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಈ ವರ್ಷ ಅದೇ ಪಕ್ಕದ ತಾಲೂಕಿನವರು ಮತ್ತೆ ಫೋನ್ ಮಾಡಿದ್ದರು. ಎತ್ತರದ ಹುಡುಗನನ್ನು ಕೊಟ್ಟರೆ ತಮ್ಮ ಪಾಯಿಂಟ್ ಗಾರ್ಡ್‌ನನ್ನು ಕೊಡುತ್ತಾರಂತೆ. ಗಾರ್ಡ್ ನಿಜಕ್ಕೂ ಚೆನ್ನಾಗಿ ಆಡುತ್ತಾನೆ, ನಮಗೆ ಅಂಥವನು ಬೇಕೂ ಬೇಕು. ನೋಟ್‌ಬುಕ್ ತೆಗೆದು ಈ ಸೀಸನ್‌ನ ಗೀಟುಗಳನ್ನು ಎಣಿಸಿದೆ. ಎದುರಾಳಿಯ ರಿಂಗ್ ಕೆಳಗೆ ಅವನು ಕಸಿದು ತಂದ ಚೆಂಡುಗಳು ಹೋದ ವರ್ಷಕ್ಕಿಂತ ಜಾಸ್ತಿಯಾಗಿವೆ. ಹೋಗುತ್ತೀಯಾ ಎಂದು ಹುಡುಗನನ್ನೂ ಕೇಳಿದೆ, ಇಲ್ಲವೆಂದು ತಲೆ ಅಲ್ಲಾಡಿಸಿದ.

‘ಅಣ್ಣಾ, ಹುಡುಗ ಇಲ್ಲೇ ಇರ್ತಾನೆ’ ಎಂದೆ. ‘ನಿಮ್ಮ ಗಾರ್ಡ್ ಪಂದ್ಯ ಇಲ್ಲದ ಭಾನುವಾರ ಇಲ್ಲಿಗೆ ಬಂದು ನಮ್ಮ ಹುಡುಗರಿಗೆ ಒಂದು ಗಂಟೆ ಪಾಸಿಂಗ್ ಹೇಳಿಕೊಡ್ತಾನಾ? ಬಾಕ್ಸ್ ಔಟ್ ಹೇಳಿಕೊಡೋಕೆ ನಮ್ಮ ಅಡ್ಡ ಮೈಯ ಹುಡುಗನನ್ನ ನಿಮ್ಮಲ್ಲಿಗೆ ಕಳಿಸ್ತೀನಿ.’

ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಿ ಎಂದರು. ಬರುವ ಭಾನುವಾರ ಬೆಳಗ್ಗೆ ಏಳಕ್ಕೆ ಗಾರ್ಡ್ ಬರುತ್ತಾನೆ.